ಮಾಟುಂಗಾದ ಭಾಷಣದ ಕ್ಲಾಸು: ಮಾತಿಗೆ ಐದು ಸ್ಟಾರ್, ಫ್ಯಾನಿಗೆ ಒಂದು

ಮೊದಲೇ ಹೇಳಿಬಿಡುತ್ತೇನೆ, ಇದು ಭಾಷಣ ಮಾಡಲು ಕಲಿಸುವ ಕ್ಲಾಸಲ್ಲ. ಮೈಕ್ ಕಂಡರೆ ಕಾಲು ನಡುಗುವುದು ನಿಲ್ಲಬೇಕು, ಮಗ ಇಂಟರ್‌ವ್ಯೂನಲ್ಲಿ ಪಟಪಟ ಮಾತಾಡಬೇಕು ಅಂತಿರುವವರಿಗೆ ಬೇರೆ ಕ್ಲಾಸುಗಳು ಬೇಕಾದಷ್ಟಿವೆ. ಯಾವ ಲೋಕಲ್ ಸ್ಟೇಷನ್ ಹೊರಗೆ ನಿಂತರೂ ಬೋರ್ಡ್ ಕಾಣುತ್ತದೆ. ಇಲ್ಲಿ ಮಾಡುವುದು ಒಂದೇ ಕೆಲಸ. ಯಾರೋ ಯಾವತ್ತೋ ಮಾಡಿದ ರಾಜಕೀಯ ಭಾಷಣವನ್ನು ಗಟ್ಟಿಯಾಗಿ ಓದುವುದು. ಓದಿ, ಇದು ಯಾಕೆ ಇನ್ನೂ ಕಿವಿಯಲ್ಲಿ ಉಳಿದಿದೆ, ಇದರಲ್ಲಿ ಕವಿತೆ ಎಲ್ಲಿದೆ ಅಂತ ಹುಡುಕುವುದು.

ಮಾಟುಂಗಾ ಸ್ಟೇಷನ್ನಿನಿಂದ ಕಿಂಗ್ಸ್ ಸರ್ಕಲ್ ಕಡೆ ನಡೆದರೆ ಹಳೆಯ ಕಟ್ಟಡವೊಂದರ ಎರಡನೇ ಮಹಡಿ. ಲಿಫ್ಟ್ ಇಲ್ಲ. ಭಾನುವಾರ ಬೆಳಗ್ಗೆ ಹತ್ತಕ್ಕೆ. ಭಾನುವಾರ ಅಂದರೆ ಸೆಂಟ್ರಲ್ ಲೈನಿನವರಿಗೆ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆ ರೈಲು ತಡೆಯುವ ದಿನ ಅಂತ ಬೇರೆ ಹೇಳಬೇಕಿಲ್ಲ. ನಾನು ಡೊಂಬಿವಲಿಯಿಂದ ಬರುವವಳು. ಬ್ಲಾಕ್ ಮಾಟುಂಗಾ-ಮುಲುಂಡ್ ನಡುವೆಯೇ ಬಿದ್ದ ದಿನ ದಾದರಿನಲ್ಲಿ ಇಳಿದು ಬಸ್ಸು ಹಿಡಿದಿದ್ದೇನೆ. ಪೂರ್ತಿ ಬ್ಯಾಚಿಗೆ ಫೀಸು 1,500 ರೂಪಾಯಿ, ಮೊದಲ ದಿನವೇ ಕೊಡಬೇಕು. ನಡೆಸುವವರು ಒಬ್ಬ ನಿವೃತ್ತ ಮಾಸ್ಟ್ರು. ಹೋಟೆಲ್ ಹುಡುಗರಿಗೆ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಹೇಳಿದವರು. ತಮ್ಮ ಹೆಸರು ಎಲ್ಲೂ ಹಾಕಬಾರದು ಅಂತ ಅವರ ಕಟ್ಟಪ್ಪಣೆ, ಹಾಕುವುದಿಲ್ಲ.

ನನ್ನ ಬಗ್ಗೆ ಎರಡು ಮಾತು. ನಮ್ಮದು ಕುಂದಾಪುರದ ಕಡೆ. ಕೆಲಸ ಬ್ಯಾಂಕಿನ ಕೌಂಟರಿನಲ್ಲಿ. ಸಣ್ಣವಳಿದ್ದಾಗಿನಿಂದ ಅಪ್ಪನ ಜೊತೆ ತಾಳಮದ್ದಳೆ, ಅಂದರೆ ಕೂತು ಆಡುವ ಮಾತಿನ ಯಕ್ಷಗಾನ, ಕೇಳಿದ ಕಿವಿ. ವೇಷ ಇಲ್ಲ, ಕುಣಿತ ಇಲ್ಲ, ನಾಲ್ಕು ಜನ ಕೂತು ಮಾತಾಡುವುದನ್ನು ರಾತ್ರಿಯಿಡೀ ಕೇಳುವುದೇನು ಅಂತ ಇಲ್ಲಿಯ ಮರಾಠಿ ಗೆಳತಿಯರಿಗೆ ಆಶ್ಚರ್ಯ. ಕೇಳಿದವರಿಗೇ ಗೊತ್ತು. ಈ ವಿಮರ್ಶೆಯನ್ನೂ ಆ ಕಿವಿ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಮೊದಲ ದಿನ ಕೈಗೆ ಬಂದದ್ದು ಒಂದು ಝೆರಾಕ್ಸ್ ಹಾಳೆ. ಒಂದು ಕಡೆ ಇಂಗ್ಲಿಷ್, ಹಿಂದೆ ಮಾಸ್ಟ್ರ ಕನ್ನಡ. ಎರಡೂ ಕಡೆ ಅಲ್ಪವಿರಾಮ, ಪೂರ್ಣವಿರಾಮ ಒಂದೂ ಇಲ್ಲ. ಬೇಕಂತಲೇ ತೆಗೆಸಿದ್ದಾರೆ. ಓದುತ್ತಾ ನಿಮ್ಮ ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ಪೆನ್ಸಿಲ್ಲಿನಿಂದ ಗೀಟು ಎಳೆಯಬೇಕು. ಮಕ್ಕಳಾಟ ಅನ್ನಿಸುತ್ತದೆ. ಆದರೆ ಎಲ್ಲರೂ ಓದಿದ ಮೇಲೆ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಹೆಚ್ಚುಕಡಿಮೆ ಎಲ್ಲರ ಗೀಟೂ ಒಂದೇ ಜಾಗದಲ್ಲಿ. ಕ್ಯಾಶ್ ಎಣಿಸುವ ನಾನು, ಹೋಟೆಲ್ ಗಲ್ಲಾದಲ್ಲಿ ಕೂರುವ ಹುಡುಗ, ಕಾಲೇಜಿನ ಹುಡುಗಿ, ಎಪ್ಪತ್ತು ದಾಟಿದ ಒಬ್ಬ ವಕೀಲರು. ನಾವೆಲ್ಲ ಎಲ್ಲಿ ಉಸಿರು ಎಳೆದುಕೊಳ್ಳಬೇಕು ಅನ್ನುವುದನ್ನು ಭಾಷಣ ಬರೆದವನು ಮೊದಲೇ ನಿಗದಿ ಮಾಡಿಟ್ಟಿದ್ದ!

ಆ ಹಾಳೆ ಚರ್ಚಿಲ್‌ನದು. 1940ರ ಜೂನ್ 4, ಬ್ರಿಟಿಷ್ ಸಂಸತ್ತು. ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಪಡೆ ಸುತ್ತುವರಿದಿದ್ದ, ಫ್ರಾನ್ಸಿನ ಡನ್‌ಕರ್ಕ್‌ನಿಂದ ಸೈನ್ಯವನ್ನು ಹೇಗೋ ವಾಪಸ್ ತಂದಾಗಿತ್ತು. ಭಾಷಣಕ್ಕೆ ಅವನು ಟೈಪ್ ಮಾಡಿಸಿಕೊಳ್ಳುತ್ತಿದ್ದ ಹಾಳೆಗಳು ಗದ್ಯದ ಹಾಗೆ ಇರುತ್ತಿರಲಿಲ್ಲವಂತೆ. ಪದ್ಯದ ಹಾಗೆ ತುಂಡು ತುಂಡು ಸಾಲು, ಒಂದೊಂದು ಸಾಲಿಗೆ ಒಂದೊಂದು ಉಸಿರು. ಅದರ ಕೊನೆಯ ಭಾಗದಲ್ಲಿ 'ಹೋರಾಡುತ್ತೇವೆ' ಅನ್ನುವ ಮಾತು ಮತ್ತೆ ಮತ್ತೆ ಬರುವುದು ಎಲ್ಲರಿಗೂ ಗೊತ್ತು. ಮಾಸ್ಟ್ರು ಆ ಮಾತನ್ನು ಬಿಟ್ಟು, ಎಲ್ಲೆಲ್ಲಿ ಹೋರಾಡುತ್ತೇವೆ ಅಂತಾನೆ ನೋಡಿ ಅಂದರು. ಕಡಲ ದಂಡೆಯಲ್ಲಿ. ವಿಮಾನ ಇಳಿಯುವ ಬಯಲಿನಲ್ಲಿ. ಹೊಲಗಳಲ್ಲಿ, ಬೀದಿಗಳಲ್ಲಿ. ಆಮೇಲೆ ಗುಡ್ಡಗಳಲ್ಲಿ. ಬೆರಳಿಟ್ಟು ಓದಿದರೆ ತಿಳಿಯುತ್ತದೆ, ಒಂದೊಂದು ಮಾತಿಗೂ ಶತ್ರು ಒಂದೊಂದು ಹೆಜ್ಜೆ ಒಳಗೆ ಬಂದಿದ್ದಾನೆ! ಕೇಳಲು ಪೂರಾ ಧೈರ್ಯದ ಮಾತು. ಒಳಗಿರುವುದು ಹಿಂದೆ ಸರಿಯುವ ದಾರಿ. ಇಷ್ಟು ಸಲ ಕೇಳಿದ್ದರೂ ನನಗಿದು ಹೊಳೆದಿರಲಿಲ್ಲ.

ಚರ್ಚಿಲ್ ಯಾಕೆ ಬೇಕು ಅಂತ ವಕೀಲರು ಅಲ್ಲೇ ಜಗಳ ತೆಗೆದರು. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಗಟ್ಟಲೆ ಜನ ಸತ್ತಾಗ ಅಲ್ಲಿ ಪ್ರಧಾನಿಯಾಗಿದ್ದವನು ಇವನೇ ತಾನೇ? ಮಾಸ್ಟ್ರು ಸಮಾಧಾನ ಹೇಳಲು ಹೋಗಲಿಲ್ಲ. "ಅದನ್ನು ನೆನಪಿಟ್ಟುಕೊಂಡೇ ಓದಿ ವಕೀಲರೇ" ಅಂದರು. ಅದು ನನಗೆ ಹಿಡಿಸಿತು.

ಲಿಂಕನ್ ದಿನ ನಕ್ಕಿದ್ದೇ ಜಾಸ್ತಿ. 1863ರ ನವೆಂಬರ್ 19, ಗೆಟಿಸ್‌ಬರ್ಗ್, ಅಮೆರಿಕದ ಅಂತರ್ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನದ ಉದ್ಘಾಟನೆ. ಮುಖ್ಯ ಭಾಷಣ ಎಡ್ವರ್ಡ್ ಎವರೆಟ್ ಎಂಬ ದೊಡ್ಡ ವಾಗ್ಮಿಯದು, ಎರಡು ಗಂಟೆ. ಆಮೇಲೆ ಲಿಂಕನ್ ಎದ್ದು ಎರಡು ಮೂರು ನಿಮಿಷ ಮಾತಾಡಿ ಕೂತರು. ಇಂಗ್ಲಿಷಿನಲ್ಲಿ ಎಲ್ಲ ಸೇರಿ ಸುಮಾರು 270 ಪದ. ಮುಂಬೈಯ ನಮ್ಮ ಕನ್ನಡ ಕಾರ್ಯಕ್ರಮಗಳಲ್ಲಿ ಪ್ರಾಸ್ತಾವಿಕ ನುಡಿಯೇ ಮುಕ್ಕಾಲು ಗಂಟೆ, ಅಲ್ವಾ? ಸ್ವಾಗತದಲ್ಲಿ ವೇದಿಕೆಯ ಮೇಲಿರುವವರ ಹೆಸರು ಓದಲು ಇನ್ನೊಂದು ಇಪ್ಪತ್ತು ನಿಮಿಷ. ಎವರೆಟ್ ಮಾರನೇ ದಿನ ಲಿಂಕನ್ನರಿಗೆ ಕಾಗದ ಬರೆದರು. ನೀವು ಎರಡು ನಿಮಿಷದಲ್ಲಿ ಮುಟ್ಟಿದ ಜಾಗದ ಹತ್ತಿರಕ್ಕೆ ನಾನು ಎರಡು ಗಂಟೆಯಲ್ಲಿ ಬಂದಿದ್ದರೂ ಸಾಕಿತ್ತು ಅನ್ನುವ ಅರ್ಥದಲ್ಲಿ. ನಮ್ಮ ಅಧ್ಯಕ್ಷರುಗಳಲ್ಲಿ ಯಾರೂ ಇಂಥ ಕಾಗದ ಬರೆದದ್ದು ನಾನಂತೂ ಕಂಡಿಲ್ಲ.

'ಜನರಿಂದ, ಜನರಿಗಾಗಿ' ಎಂಬ ಕೊನೆಯ ಸಾಲು ಶಾಲೆಯಲ್ಲೇ ಬಾಯಿಪಾಠ. ಕ್ಲಾಸಿನಲ್ಲಿ ಸಿಕ್ಕ ಹೊಸ ವಿಷಯ ಬೇರೆ. ಇಡೀ ಭಾಷಣ ಬಸಿರು, ಹೆರಿಗೆ, ಸಾವು, ಮರುಹುಟ್ಟು ಎಂಬ ದಾರಿಯಲ್ಲಿ ನಡೆಯುತ್ತದೆ. ದೇಶ ಗರ್ಭದಲ್ಲಿ ಮೂಡಿದ್ದು, ಹುಟ್ಟಿದ್ದು ಮೊದಲ ಸಾಲಿನಲ್ಲಿ. ನಡುವೆ ಸತ್ತವರು. ಕೊನೆಗೆ ಸ್ವಾತಂತ್ರ್ಯದ ಹೊಸ ಹುಟ್ಟು. ಅದನ್ನು ಹೇಳಿದ್ದು ಗೋರಿಗಳ ನಡುವೆ ನಿಂತು. ಎಲ್ಲೂ ಉಪಮೆಯನ್ನು ಉಪಮೆ ಅಂತ ತೋರಿಸಿಕೊಂಡಿಲ್ಲ, ಕೇಳಿದವರಲ್ಲಿ ಅರ್ಧಕ್ಕರ್ಧ ಜನರಿಗೆ ಗೊತ್ತೂ ಆಗಿರಲಿಕ್ಕಿಲ್ಲ.

ಮಾರ್ಟಿನ್ ಲೂಥರ್ ಕಿಂಗ್ ದಿನ ನಾನೇ ಸ್ವಲ್ಪ ಹೊತ್ತು ಮಾಸ್ಟ್ರ ಜಾಗ ತೆಗೆದುಕೊಂಡೆ ಅನ್ನಬೇಕು. 1963ರ ಆಗಸ್ಟ್ 28, ಅಮೆರಿಕದ ಕಪ್ಪುಜನರ ಹಕ್ಕಿಗಾಗಿ ಸೇರಿದ ಸಭೆ, ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಮುಂದೆ. ಕೈಯಲ್ಲಿ ಬರೆದ ಭಾಷಣ ಇತ್ತು. ಅದರಲ್ಲಿ 'ನನಗೊಂದು ಕನಸಿದೆ' ಅನ್ನುವ ಆ ಪ್ರಸಿದ್ಧ ಭಾಗ ಇರಲೇ ಇಲ್ಲ. ಹಿಂದೆ ಕೂತಿದ್ದ ಗಾಯಕಿ ಮಹಾಲಿಯಾ ಜಾಕ್ಸನ್, ಕನಸಿನ ವಿಷಯ ಹೇಳು ಮಾರ್ಟಿನ್ ಅಂತ ಕೂಗಿದರು ಎಂದು ಅಲ್ಲಿದ್ದವರು ಹೇಳಿದ್ದಾರೆ. ಕಿಂಗ್ ಕಾಗದ ಬಿಟ್ಟು ಎದುರಿನ ಜನರನ್ನು ನೋಡಿ ಶುರು ಮಾಡಿದರು.

ಇದು ತಾಳಮದ್ದಳೆಯಲ್ಲದೆ ಮತ್ತೇನು? ಹಿಂದೆ ಹಾಡುವ ಹಿಮ್ಮೇಳ, ಮುಂದೆ ಪದಕ್ಕೆ ಅರ್ಥ ಹೇಳುವ ಅರ್ಥಧಾರಿ. ಭಾಗವತರು ಹಾಡಿದ ಪದ ಕೇಳಿ ಅರ್ಥಧಾರಿಯ ಮಾತು ಬೇರೆಯೇ ದಾರಿ ಹಿಡಿಯುವುದನ್ನು ಎಷ್ಟು ಸಲ ಕೇಳಿಲ್ಲ ನಾವು. ಪ್ರಸಂಗದ ಪದ್ಯ ಕೈಯಲ್ಲಿರುತ್ತದೆ, ಅರ್ಥ ಆ ರಾತ್ರಿ ಹುಟ್ಟಬೇಕು. ಹಾಗಂತ ಬರಿಗೈಯಿಂದಲೂ ಹುಟ್ಟುವುದಿಲ್ಲ. ಕಿಂಗ್ ಕೂಡ ಕನಸಿನ ಆ ಮಾತನ್ನು ಎರಡು ತಿಂಗಳ ಹಿಂದೆ ಡೆಟ್ರಾಯಿಟ್‌ನಲ್ಲಿ ಆಡಿದ್ದರು. ಒಳ್ಳೆಯ ಅರ್ಥಧಾರಿಯ ಜೋಳಿಗೆಯಲ್ಲಿ ಇಂಥವು ಹತ್ತಾರು ಇರುತ್ತವೆ. ಯಾವ ರಾತ್ರಿ ಯಾವುದನ್ನು ತೆಗೆಯಬೇಕು ಅನ್ನುವುದೇ ಅವನ ಕಸುಬು. ಇದನ್ನೆಲ್ಲ ಹೇಳಿದಾಗ ಮಾಸ್ಟ್ರಿಗೆ ಖುಷಿಯೋ ಖುಷಿ. ಅವರು ಧಾರವಾಡದ ಕಡೆಯವರು, ತಾಳಮದ್ದಳೆ ಅಷ್ಟಾಗಿ ಕೇಳಿದವರಲ್ಲ. ಮುಂದಿನ ಬ್ಯಾಚಿಗೆ ಒಬ್ಬ ಭಾಗವತರನ್ನು ಕರೆಸುವುದಾಗಿ ಹೇಳಿದ್ದಾರೆ. ನೋಡೋಣ.

ಮಾತು ನಿಲ್ಲಿಸುವ ಪಾಠಕ್ಕೆ ವಾಜಪೇಯಿ. ಹದಿಮೂರು ದಿನದ ಸರ್ಕಾರ ಬೀಳುವ ಹೊತ್ತು, 1996ರ ಮೇ ತಿಂಗಳು, ಟಿವಿಯಲ್ಲಿ ನೇರ ಪ್ರಸಾರ. ಆ ತುಣುಕನ್ನು ಮಾಸ್ಟ್ರು ಮೊಬೈಲಿನಲ್ಲಿ ಹಾಕಿ ಸ್ಪೀಕರ್ ಹತ್ತಿರ ಹಿಡಿದರು. 'ಸರ್ಕಾರೇಂ ಆಯೇಂಗೀ, ಜಾಯೇಂಗೀ. ಪಾರ್ಟಿಯಾಂ ಬನೇಂಗೀ, ಬಿಗಡೇಂಗೀ.' ಬರುವುದು ಹೋಗುವುದು, ಕಟ್ಟುವುದು ಕೆಡುವುದು, ಎರಡೂ ಜೋಡಿ ಒಂದೇ ತೂಕ. ಆಮೇಲೆ 'ಮಗರ್' ಅಂತ ತಿರುಗಿಸಿ, ದೇಶ ಉಳಿಯಬೇಕು ಅನ್ನುತ್ತಾರೆ. ಅಲ್ಲಿಗೆ ಜೋಡಿ ಮುರಿಯಿತು. ದೇಶಕ್ಕೆ ಜೋಡಿ ಪದ ಇಲ್ಲ. ಆ ಮನುಷ್ಯ ಕವಿಯೂ ಹೌದು, ಆದರೆ ಅವರು ಅಚ್ಚು ಹಾಕಿಸಿದ ಪದ್ಯಗಳಿಗಿಂತ ಈ ಸಾಲೇ ಮೇಲು ಅಂತ ನನ್ನ ಲೆಕ್ಕ. ಪಕ್ಷದ ಮಾತು ಬಿಡಿ, ನಮ್ಮ ಕ್ಲಾಸಿನಲ್ಲಿ ಎಲ್ಲ ಪಕ್ಷದವರೂ ಇದ್ದರು. ಚಹಾ ಕುಡಿಯುವಾಗ ಕಿತ್ತಾಡಿದರು ಕೂಡ.

ಇನ್ನು ನನಗೂ ಮಾಸ್ಟ್ರಿಗೂ ಜಟಾಪಟಿ ಆದ ದಿನ. ಆವತ್ತು ಎರಡು ಭಾಷಣ ಜೊತೆಗಿಟ್ಟಿದ್ದರು. ಎರಡೂ ಸಂವಿಧಾನ ಸಭೆಯವು. ಒಂದು 1947ರ ಆಗಸ್ಟ್ 14ರ ರಾತ್ರಿ ನೆಹರೂ ಆಡಿದ್ದು. ಇನ್ನೊಂದು 1949ರ ನವೆಂಬರ್ 25ರಂದು ಅಂಬೇಡ್ಕರ್ ಆಡಿದ್ದು. ನೆಹರೂ ಅವರದು ಕವಿತೆ, ಅಂಬೇಡ್ಕರ್ ಅವರದು ವಕೀಲರ ವಾದ ಅಂತ ಮಾಸ್ಟ್ರು ಶುರು ಮಾಡಿದರು.

ನೆಹರೂ ಭಾಷಣ ಚಂದ, ಇಲ್ಲ ಅನ್ನುವುದಿಲ್ಲ. ಮಧ್ಯರಾತ್ರಿ ಗಂಟೆ ಹೊಡೆಯುವಾಗ, ಲೋಕ ಮಲಗಿರುವಾಗ, ಭಾರತ ಎಚ್ಚರಗೊಳ್ಳುತ್ತದೆ ಅಂದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಆದರೆ ನಮ್ಮ ಕ್ಲಾಸಿನಲ್ಲಿ ಐರೋಲಿಯಲ್ಲಿ ನೈಟ್ ಶಿಫ್ಟ್ ಮಾಡುವ ಹುಡುಗನೊಬ್ಬ ಇದ್ದಾನೆ. ಅಮೆರಿಕದ ಗಿರಾಕಿಗಳ ಫೋನ್ ಎತ್ತುವುದು ಅವನ ಕೆಲಸ. ಅವನು ಕೈಯೆತ್ತಿ, "ಸರ್, ನಮ್ಮ ಮಧ್ಯರಾತ್ರಿಗೆ ನ್ಯೂಯಾರ್ಕಿನಲ್ಲಿ ಮಧ್ಯಾಹ್ನ. ಲಂಡನ್ನಿನಲ್ಲಿ ಸಂಜೆ. ಯಾರು ಮಲಗಿದ್ದರು?" ಅಂದ. ಎಲ್ಲರೂ ಹೋ ಅಂದರು. ಕವಿತೆಯಲ್ಲಿ ಗಡಿಯಾರ ನೋಡಬಾರದು ಅಂತ ಮಾಸ್ಟ್ರು. ಸರಿ. ಅದೇ ಸಾಲಿನ ಮುಂಚೆ ನೆಹರೂ, ನಮ್ಮ ಪ್ರತಿಜ್ಞೆಯನ್ನು ಪೂರ್ತಿಯಾಗಿ ಅಲ್ಲದಿದ್ದರೂ ಬಹುಮಟ್ಟಿಗೆ ಈಡೇರಿಸುತ್ತಿದ್ದೇವೆ ಅಂತಾರೆ. ದೇಶ ಎರಡಾಗುತ್ತಿದ್ದ ರಾತ್ರಿ ಅದು. ನನಗೆ ಗಂಟೆಯ ಸದ್ದಿಗಿಂತ ಆ 'ಪೂರ್ತಿಯಾಗಿ ಅಲ್ಲದಿದ್ದರೂ' ದೊಡ್ಡದು ಅನ್ನಿಸಿತು.

ಅಂಬೇಡ್ಕರ್ ಅವರದನ್ನು ಓದಿದ್ದು ಗಲ್ಲಾದ ಹುಡುಗ. ಓದಿಗೆ ಶಾಲೆಯ ಪದ್ಯದ ರಾಗ ಇಲ್ಲ, ಬಿಲ್ ಓದಿದ ಹಾಗೆ ಓದುತ್ತಾನೆ. 1950ರ ಜನವರಿ 26ರಂದು ನಾವು ವಿರೋಧಗಳ ಬದುಕಿಗೆ ಕಾಲಿಡುತ್ತೇವೆ. ರಾಜಕೀಯದಲ್ಲಿ ಸಮಾನತೆ ಇರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುತ್ತದೆ. ಅಲ್ಲಿ ಒಬ್ಬನಿಗೆ ಒಂದು ಮತ, ಒಂದು ಮತಕ್ಕೆ ಒಂದು ಬೆಲೆ. ಇಲ್ಲಿ ಅದೇ ಮನುಷ್ಯನಿಗೆ ಆ ಬೆಲೆ ಇಲ್ಲ. ಆಮೇಲೆ ಶುರುವಾಗುತ್ತದೆ, ಎಷ್ಟು ದಿನ ಈ ಬದುಕು ಬದುಕುತ್ತೇವೆ? ಎಷ್ಟು ದಿನ ಸಮಾನತೆಯನ್ನು ಇಲ್ಲ ಅನ್ನುತ್ತೇವೆ? ಬಿಲ್ ಓದಿದ ಹಾಗೆಯೇ ಓದಿದ ಅವನು. ಎರಡನೇ 'ಎಷ್ಟು ದಿನ' ಬಂದಾಗ ಅವನ ದನಿ ತಾನಾಗಿ ಏರಿತು. ಯಾರೂ ಏರಿಸು ಅಂದಿರಲಿಲ್ಲ.

ಅದಕ್ಕೇ ನಾನು ವಾದಕ್ಕೆ ಇಳಿದೆ. ಇದರಲ್ಲಿ ಗಂಟೆ ಇಲ್ಲ, ರಾತ್ರಿ ಇಲ್ಲ, ನಿದ್ದೆ ಇಲ್ಲ. ಅಲಂಕಾರ ಅಂತ ಹೇಳಲು ಏನೂ ಸಿಗುವುದಿಲ್ಲ. ಆದರೂ ಓದುವವನ ಎದೆಯ ಉಸಿರನ್ನು ಅದು ತನ್ನ ಅಳತೆಗೆ ತಂದುಕೊಂಡಿತು. ಮೊದಲ ದಿನ ಹಾಳೆಯ ಮೇಲೆ ಗೀಟು ಹಾಕಿಸಿ ಮಾಸ್ಟ್ರೇ ತೋರಿಸಿದ್ದು ಇದನ್ನೇ ತಾನೇ? ಸಮಾನತೆ ಒಂದು ತಟ್ಟೆಯಲ್ಲಿ, ಅಸಮಾನತೆ ಇನ್ನೊಂದರಲ್ಲಿ. ಸಂವಿಧಾನ ಬರೆದು ಮುಗಿಸಿದ ಮನುಷ್ಯ, ಎಲ್ಲರೂ ಹಬ್ಬದ ಗುಂಗಿನಲ್ಲಿರುವಾಗ ಎದ್ದು ನಿಂತು ಈ ತಕ್ಕಡಿ ಸಮ ಇಲ್ಲ ನೋಡಿ ಅಂತಾನೆ. ಅದೇ ಭಾಷಣದಲ್ಲಿ ಧರ್ಮದಲ್ಲಿ ಭಕ್ತಿ ಮೋಕ್ಷದ ದಾರಿಯಾಗಬಹುದು, ರಾಜಕೀಯದಲ್ಲಿ ಭಕ್ತಿ ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ ಅಂತಲೂ ಇದೆ. ಒಂದೇ ದಾರಿ, ಎರಡು ಊರು. ಇದು ಕವಿತೆ ಅಲ್ಲ ಅನ್ನುವವರ ಕಿವಿಗೆ ಏನಾಗಿದೆ? ಮಾಸ್ಟ್ರು ಒಪ್ಪಲಿಲ್ಲ. ಮುಂದಿನ ವಾರ ಅದನ್ನೇ ಇನ್ನೊಮ್ಮೆ ಎಲ್ಲರ ಕೈಯಲ್ಲೂ ಓದಿಸಿದರು. ಹಟ ಬಿಡದೆ ಇನ್ನೊಂದು ಅವಕಾಶ ಕೊಟ್ಟರಲ್ಲ, ಐದು ಸ್ಟಾರ್ ಅದಕ್ಕೇ.

ಒಂದು ಭಾನುವಾರ ಹೊರಗಡೆ ಕ್ಲಾಸು. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಆಗಸ್ಟ್ ಕ್ರಾಂತಿ ಮೈದಾನಕ್ಕೆ. ಹಳೆಯ ಹೆಸರು ಗೊವಾಲಿಯಾ ಟ್ಯಾಂಕ್. 1942ರ ಆಗಸ್ಟ್ 8ರ ರಾತ್ರಿ ಗಾಂಧಿ ಇಲ್ಲಿ, ಒಂದು ಮಂತ್ರ ಕೊಡುತ್ತೇನೆ, ಚಿಕ್ಕದು, ಎದೆಯಲ್ಲಿ ಬರೆದಿಟ್ಟುಕೊಳ್ಳಿ ಅಂದದ್ದು. 'ಕರೇಂಗೇ ಯಾ ಮರೇಂಗೇ.' ಮಾಡುತ್ತೇವೆ, ಇಲ್ಲವೇ ಸಾಯುತ್ತೇವೆ. ಬೆಳಗಾಗುವಷ್ಟರಲ್ಲಿ ಅವರನ್ನು ಹಿಡಿದು ಒಯ್ದಿದ್ದರು. ಸ್ವಲ್ಪ ಯೋಚಿಸಿ. ನಾಯಕರೆಲ್ಲ ಜೈಲಿನಲ್ಲಿ, ಮೈಕ್ ಇಲ್ಲ. ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹೋಗಬೇಕಾದ ಮಾತು ಇಷ್ಟು ಚಿಕ್ಕದೇ ಇರಬೇಕು, ಪ್ರಾಸವೂ ಇರಬೇಕು. ಪ್ರಾಸ ಇಲ್ಲಿ ಚಂದಕ್ಕಲ್ಲ, ನೆನಪಿಗೆ. ನಾವು ಹೋದಾಗ ಹುಡುಗರು ಟೆನಿಸ್ ಬಾಲಿನಲ್ಲಿ ಕ್ರಿಕೆಟ್ ಆಡುತ್ತಿದ್ದರು. ಮಾಸ್ಟ್ರ ಮಾತು ಅರ್ಧ ಕೇಳಿಸಲಿಲ್ಲ. ಸಣ್ಣ ಬ್ಯಾಟರಿ ಮೈಕ್ ಒಂದನ್ನು ತರಬಹುದಿತ್ತು. ಬಿಸಿಲಿಗೆ ವಕೀಲರಿಗೆ ತಲೆ ಸುತ್ತಿ, ಅವರನ್ನು ಟ್ಯಾಕ್ಸಿಯಲ್ಲಿ ಕಳಿಸಬೇಕಾಯಿತು.

ಕೊರತೆಗಳಿಗೆ ಬರೋಣ. ಹೆಂಗಸರ ಒಂದೇ ಒಂದು ಭಾಷಣ ಇಲ್ಲ. ಅದೇ ಮೈದಾನದಲ್ಲಿ ಮಾರನೇ ದಿನ ಬಾವುಟ ಹಾರಿಸಿದ್ದು ಅರುಣಾ ಆಸಫ್ ಅಲಿ. ಅದೇ ತಿಂಗಳು ಇದೇ ಮುಂಬೈಯಲ್ಲಿ ಉಷಾ ಮೆಹ್ತಾ ಎಂಬ 22 ವರ್ಷದ ಹುಡುಗಿ ಮತ್ತು ಜೊತೆಗಾರರು ಕದ್ದು ರೇಡಿಯೊ ಕೇಂದ್ರ ನಡೆಸಿದರು. ಪೊಲೀಸರ ಕೈಗೆ ಸಿಗದಿರಲು ಜಾಗ ಬದಲಾಯಿಸುತ್ತಾ, ನವೆಂಬರ್‌ವರೆಗೆ. ಇದು ಕಾಂಗ್ರೆಸ್ ರೇಡಿಯೊ, 42.34 ಮೀಟರಿನ ತರಂಗದಲ್ಲಿ, ಭಾರತದಲ್ಲಿ ಎಲ್ಲಿಂದಲೋ ಮಾತಾಡುತ್ತಿದೆ ಅಂತ ಶುರುವಾಗುತ್ತಿತ್ತು. 42.34 ಅನ್ನುವ ಚುಕ್ಕೆ ತಪ್ಪದ ಲೆಕ್ಕ, ಪಕ್ಕದಲ್ಲೇ 'ಎಲ್ಲಿಂದಲೋ'. ನನ್ನನ್ನು ಕೇಳಿದರೆ ಇದೂ ಆ ಹಾಳೆಗಳಲ್ಲಿ ಇರಬೇಕಿತ್ತು.

ಅದಕ್ಕಿಂತ ದೊಡ್ಡ ಕೊರತೆ, ಕನ್ನಡಿಗರ ಕ್ಲಾಸಿನಲ್ಲಿ ಕನ್ನಡದ ಭಾಷಣವೇ ಇಲ್ಲ! ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಇಲ್ಲ. 1967ರಲ್ಲಿ ಗೆದ್ದು ಹೋಗಿ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದ ಜೆ.ಎಚ್. ಪಟೇಲರು ಇಲ್ಲ. ಹೋಗಲಿ, ಮುಂಬೈಯ ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸ್ ಕೂಡ ಇಲ್ಲ. ಮಂಗಳೂರಿನಿಂದ ಬರಿಗೈಯಲ್ಲಿ ಬಂದು, ಚೌಪಾಟಿಯ ಬೆಂಚಿನ ಮೇಲೆ ಮಲಗಿ, ಅದೇ 1967ರಲ್ಲಿ ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್.ಕೆ. ಪಾಟೀಲರಂಥವರನ್ನು ದಕ್ಷಿಣ ಮುಂಬೈಯಲ್ಲಿ ಸೋಲಿಸಿದ ಮನುಷ್ಯ. ನನ್ನಪ್ಪ ಫೋರ್ಟ್‌ನ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದರು. ಪಾಳಿ ಮುಗಿಸಿ ಎಣ್ಣೆ ವಾಸನೆಯ ಅಂಗಿಯಲ್ಲೇ ಜಾರ್ಜ್ ಸಭೆಗೆ ಓಡುತ್ತಿದ್ದರಂತೆ. ಏನು ಹೇಳಿದರು ಅಂತ ಕೇಳಿದರೆ ಅಪ್ಪನಿಗೆ ಒಂದು ವಾಕ್ಯವೂ ನೆನಪಿಲ್ಲ. ಆದರೆ ಹೇಗೆ ಅಂತ ಕೇಳಿದರೆ, ಊಟದ ತಟ್ಟೆಯ ಅಂಚಿಗೆ ಬೆರಳಿನಿಂದ ಬಡಿದು ತೋರಿಸುತ್ತಿದ್ದರು. ಮೂರು ಚಿಕ್ಕ ಪೆಟ್ಟು, ಒಂದು ಉದ್ದ. ಇದನ್ನು ಕ್ಲಾಸಿನಲ್ಲಿ ಹೇಳಿದೆ. ಧ್ವನಿಮುದ್ರಣ ಸಿಕ್ಕರೆ ತನ್ನಿ ಅಂದರು. ಅದನ್ನು ಹುಡುಕುವ ಕೆಲಸ ಫೀಸು ಕೊಟ್ಟವರದೋ, ತೆಗೆದುಕೊಂಡವರದೋ?

ಉಳಿದದ್ದು ಚಿಲ್ಲರೆ ದೂರು. ಎರಡು ಫ್ಯಾನಿನಲ್ಲಿ ಒಂದು ಮಾತ್ರ ತಿರುಗುತ್ತದೆ, ಅದೂ ಮಾಸ್ಟ್ರ ತಲೆಯ ಮೇಲೆ. ಝೆರಾಕ್ಸ್ ಮಸುಕು, ಒತ್ತಕ್ಷರ ಕಾಣುವುದಿಲ್ಲ. ಹನ್ನೆರಡಕ್ಕೆ ಮುಗಿಯಬೇಕಾದದ್ದು ಒಂದು ಗಂಟೆ ದಾಟುತ್ತದೆ. ಲಿಂಕನ್ ಪಾಠ ಮಾಡಿದ ದಿನವೂ ದಾಟಿತು. ರಶೀದಿ ಕೇಳಿದರೆ ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳು ಬರುತ್ತದೆ.

ಹೋಗುವುದಾದರೆ ಪೆನ್ಸಿಲ್ ಮತ್ತು ನೀರಿನ ಬಾಟಲಿ ನಿಮ್ಮದೇ ಇರಲಿ. ಕಿಟಕಿ ಪಕ್ಕದ ಕುರ್ಚಿ ಬೇಕಾದರೆ ಹತ್ತು ನಿಮಿಷ ಮುಂಚೆ ಹೋಗಿ. ಕನ್ನಡ ಓದಲು ತಡವರಿಸುವ, ಇಲ್ಲೇ ಹುಟ್ಟಿ ಬೆಳೆದ ಮಕ್ಕಳನ್ನು ಧೈರ್ಯವಾಗಿ ಕರೆದುಕೊಂಡು ಹೋಗಬಹುದು, ಮಾಸ್ಟ್ರು ಯಾರನ್ನೂ ನಗುವುದಿಲ್ಲ. ಮುಗಿದ ಮೇಲೆ ಕಿಂಗ್ಸ್ ಸರ್ಕಲ್ ಕಡೆ ಹೋಗಿ ಇಡ್ಲಿ ತಿನ್ನೋಣ ಅಂದುಕೊಂಡರೆ, ಭಾನುವಾರ ಕೆಫೆ ಮದ್ರಾಸ್ ಮುಂದಿನ ಕ್ಯೂ ನೋಡಿಕೊಂಡು ನಿರ್ಧರಿಸಿ. ಮುಂದಿನ ಬ್ಯಾಚು ದೀಪಾವಳಿ ಆದ ಮೇಲೆ. ಭಾಗವತರು ಬರುವುದು ಖಾತ್ರಿಯಾದರೆ ನಾನು ಮತ್ತೆ 1,500 ಕಟ್ಟುತ್ತೇನೆ.